ಹಕ್ಕಿಗೆಂದು ತಂದ ಲೆನ್ಸು, ಹೆಂಡತಿಯ ಕಬಡ್ಡಿ

ಸೀರೆ ಅಂಗಡಿಯಲ್ಲಿ ಹೆಂಗಸರು ಹೊತ್ತು ಕಳೆಯುತ್ತಾರೆಂದು ಆಡಿಕೊಳ್ಳುವ ಗಂಡಸರನ್ನೆಲ್ಲ ಒಮ್ಮೆ ಕ್ಯಾಮೆರಾ ಲೆನ್ಸ್ ಆರಿಸಲು ಕೂರಿಸಬೇಕು. ನಾನೂ ಆಡಿಕೊಂಡವನೇ. ನಮ್ಮದು ದೊಡ್ಡಬಳ್ಳಾಪುರ, ಮಗ್ಗದ ಸದ್ದು ಕೇಳಿಕೊಂಡೇ ಬೆಳೆದವರು ನಾವು. ಇಲ್ಲಿನ ಸೀರೆ ಅಂಗಡಿಗಳ ಮೆಟ್ಟಿಲ ಮೇಲೆ ಕೂತು ಆಕಳಿಸುವುದನ್ನು ಮದುವೆಯಾದ ಹೊಸತರಲ್ಲೇ ಕಲಿತೆ. ನಿಜ ಹೇಳಬೇಕೆಂದರೆ ನನ್ನ ಹೆಂಡತಿ ಸುಮಿತ್ರ ನನ್ನ ಎರಡನೇ ಆಕಳಿಕೆ ಮುಗಿಯುವುದರೊಳಗೆ ಸೀರೆ ಹಿಡಿದು ಹೊರಗೆ ಬಂದಿರುತ್ತಿದ್ದಳು. ನಾನಾದರೋ ಒಂದು ಲೆನ್ಸ್ ಆರಿಸಲು ಇಡೀ ಮಳೆಗಾಲ ತೆಗೆದುಕೊಂಡೆ. ಆ ದಿನಗಳಲ್ಲಿ ಮನೆಯಲ್ಲಿ ಯಾರಾದರೂ ಆಕಳಿಸಿದರೆ ನನಗೆ ಸಿಟ್ಟು ಬರುತ್ತಿತ್ತು.

ನಾನು ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ತಯಾರಾದ ಪೈಪುಗಳನ್ನು ತಪಾಸಣೆ ಮಾಡುವವನು. ವಾರವಿಡೀ ಪೈಪಿನ ಬಾಯಿ ಅಳೆದು ಬೇಸತ್ತು, ಭಾನುವಾರ ಕೆರೆಗಳ ಕಡೆ ಹೋಗಿ ಹಕ್ಕಿಗಳ ಫೋಟೋ ತೆಗೆಯುವುದು ಅಭ್ಯಾಸವಾಯಿತು. ಕ್ಯಾಮೆರಾದ ಜೊತೆಗೇ ಬಂದಿದ್ದ ಪುಟ್ಟ ಲೆನ್ಸಿನಲ್ಲಿ ಕೊಕ್ಕರೆ ತೆಗೆದರೆ ಕೆರೆ ಬರುತ್ತಿತ್ತು, ಏರಿ ಬರುತ್ತಿತ್ತು, ಏರಿಯ ಮೇಲೆ ಮೇಯುವ ಎಮ್ಮೆಯೂ ಬರುತ್ತಿತ್ತು. ಕೊಕ್ಕರೆ ಮಾತ್ರ ಅಕ್ಕಿ ನುಚ್ಚಿನಷ್ಟು. ಸುಮಿತ್ರ ಕನ್ನಡಕ ಏರಿಸಿಕೊಂಡು, "ಎಲ್ಲಿದೆ ರೀ?" ಎನ್ನುವಳು. ನಾನು ಬೆರಳಿಟ್ಟು ತೋರಿಸಿದರೆ ಬೆರಳಿನಡಿ ಕೊಕ್ಕರೆ ಮುಚ್ಚಿಹೋಗುವುದು. ಹೀಗಾಗಿ ದೂರದ್ದನ್ನು ಹತ್ತಿರಕ್ಕೆ ತರುವ ಜೂಮ್ ಲೆನ್ಸ್ ಬೇಕೇ ಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ಮನೆಯಲ್ಲಿ ಅಂದರೆ ನನ್ನೊಳಗೆ.

ಸುಮಿತ್ರ ಬೇಡ ಅನ್ನಲಿಲ್ಲ. ಒಂದು ಮಾತು ಮಾತ್ರ ಕೇಳಿದಳು. ಅವಳು ಸರ್ಕಾರಿ ಶಾಲೆಯ ಟೀಚರು. ಕಾಲೇಜಿನಲ್ಲಿ ಕಬಡ್ಡಿ ಆಡಿದವಳು, ಅದೂ ರೈಡರ್, ಎದುರಿನವರ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವಳು. ಆ ಕಾಲದ ಒಂದೇ ಫೋಟೋ ಮನೆಯಲ್ಲಿದೆ. ಇಡೀ ತಂಡದ ಫೋಟೋ, ಅದರಲ್ಲಿ ಇವಳ ಅರ್ಧ ಮುಖ ಕ್ಯಾಪ್ಟನ್ ಎತ್ತಿ ಹಿಡಿದ ಕಪ್ಪಿನ ಹಿಂದೆ ಹೋಗಿಬಿಟ್ಟಿದೆ. ಈಗಲೂ ವರ್ಷಕ್ಕೊಮ್ಮೆ ಸರ್ಕಾರಿ ನೌಕರರ ಕ್ರೀಡಾಕೂಟದಲ್ಲಿ ಆಡುತ್ತಾಳೆ. "ಮಂಡಿ ಮಾತು ಕೇಳ್ತಿಲ್ಲ ರೀ, ಇದೇ ಕೊನೆ ವರ್ಷ. ಮುಂದಿನ ಸಲದಿಂದ ಪಾಯಿಂಟ್ ಬರೆಯಕ್ಕೆ ಕೂತ್ಕೋತೀನಿ. ನಿಮ್ ಲೆನ್ಸಲ್ಲಿ ನಾನು ರೈಡ್ ಹೋಗೋದು ಒಂದು ಫೋಟೋ ತೆಗೆದ್ಕೊಡಿ. ಮುಖ ಪೂರ್ತಿ ಇರ್ಬೇಕು, ಅಷ್ಟೇ" ಎಂದಳು. ಸುಮಿತ್ರ ತನಗೆಂದು ಏನನ್ನೂ ಕೇಳುವವಳಲ್ಲ. ಅವಳು ಹಾಗೆ ಕೇಳಿದ್ದು ನನಗೆ ಒಳಗೊಳಗೇ ತಾಗಿತು. ತಾಗಿದ್ದನ್ನು ತೋರಿಸಿಕೊಳ್ಳಬಾರದೆಂದು, "ಒಂದ್ಯಾಕೆ, ನೂರು ತೆಗೀತೀನಿ ಬಿಡು" ಎಂದು ಜಂಬ ಕೊಚ್ಚಿದೆ.

ಇನ್ನು ಆರಿಸುವ ಪಾಡು. ಲೆನ್ಸಿನ ಲೆಕ್ಕ ಮಿಲಿಮೀಟರಿನದು, ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ. ಎಪ್ಪತ್ತರಿಂದ ಇನ್ನೂರರವರೆಗೆ ಹೋಗುವ ಲೆನ್ಸ್ ಒಂದಿತ್ತು. ಬೆಳಕನ್ನು ಚೆನ್ನಾಗಿ ಕುಡಿಯುತ್ತದೆ, ಓಡುವವರನ್ನು ಥಟ್ಟನೆ ಹಿಡಿಯುತ್ತದೆ, ಆಟೋಟಕ್ಕೆ ಹೇಳಿ ಮಾಡಿಸಿದ್ದು. ಆದರೆ ಅದರಲ್ಲಿ ಕೊಕ್ಕರೆ ನುಚ್ಚಿನಿಂದ ಅಕ್ಕಿಯಾಗುತ್ತದೆ, ಅಷ್ಟೇ. ನೂರೈವತ್ತರಿಂದ ಆರುನೂರರದು ಇನ್ನೊಂದು. ಕೆರೆಯ ಆಚೆ ದಡದ ಹಕ್ಕಿಯ ಕಣ್ಣನ್ನೂ ತಂದು ಮಡಿಲಿಗೆ ಹಾಕುತ್ತದೆ, ಆದರೆ ತೂಕ ವಿಪರೀತ, ಬೆಳಕು ಕಡಿಮೆಯಾದರೆ ತಡಕಾಡುತ್ತದೆ, ತೀರ ಹತ್ತಿರದ್ದು ಅದಕ್ಕೆ ಕಾಣುವುದೇ ಇಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ಗೆಳೆಯ ನಂಜುಂಡ ಈ ವಿಷಯದಲ್ಲಿ ಪಂಡಿತ. ಅವನ ಹತ್ತಿರ ಕ್ಯಾಮೆರಾ ಇಲ್ಲ, ಫೋನಿನಲ್ಲಿ ವಿಡಿಯೋ ನೋಡಿಯೇ ಪಂಡಿತನಾದವನು. "ಗುರು, ಕೊನೆಗೆ ಎಲ್ಲಾ ರೀಚ್ ಕಣೋ, ಎಷ್ಟು ದೂರ ಮುಟ್ಟುತ್ತೆ ಅನ್ನೋದು. ರೀಚ್ ಇಲ್ಲಾಂದ್ರೆ ಮನೇಲಿ ಕೂತ್ಕೋ" ಎಂದ. ಸುಮಿತ್ರ, "ನಾವು ಆಡೋದು ನೆಲದ ಮೇಲೆ ರೀ, ಮರದ ಮೇಲಲ್ಲ. ಆ ಚಿಕ್ಕದೇ ಸಾಕಲ್ವಾ?" ಎಂದಳು. ಕ್ಯಾಮೆರಾವೇ ಇಲ್ಲದವನ ಮಾತು ನನಗೆ ಹೆಚ್ಚು ವೈಜ್ಞಾನಿಕವಾಗಿ ಕಂಡಿತು. ಆರುನೂರರದೇ ಬಂತು.

ಮೊದಲ ಭಾನುವಾರವೇ ಅದನ್ನು ಸಾಸಲು ಕಡೆಯ ಒಂದು ಕೆರೆಗೆ ಒಯ್ದೆ. ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು, ಮಿಂಚುಳ್ಳಿಗೆ ಗುರಿಯಿಟ್ಟು ಒಂದು ಕಣ್ಣು ಮುಚ್ಚಿದ್ದೆ. ಹಿಂದೆ ಯಾರೋ ಕೆಮ್ಮಿದರು. ಟವೆಲ್ ಹೊದ್ದ ಅಜ್ಜ.

"ಯಾವ್ ಕಡೆಯಿಂದ ಹೋಗ್ತದೆ ಸಾರ್, ರೋಡು?"

"ರೋಡಲ್ಲ ತಾತ, ಹಕ್ಕಿ ನೋಡ್ತಿದೀನಿ."

"ಅಂಗೇ ಹೇಳ್ತೀರಿ ನೀವೆಲ್ಲ. ಹೋದ್ಸಲ ಬಂದೋರು ಗಾಳಿ ಅಳೀತಿದೀವಿ ಅಂದ್ರು. ಆಮೇಲೆ ನೋಡಿದ್ರೆ ಕಲ್ಲು ನೆಟ್ಟೋಗಿದ್ರು."

ನಮ್ಮ ಜಿಲ್ಲೆಯಲ್ಲಿ ಹೊಲದ ಬದಿಯಲ್ಲಿ ಮೂರು ಕಾಲು ನೆಟ್ಟು ಒಂದು ಕಣ್ಣು ಮುಚ್ಚಿದವನು ಸರ್ವೆಯವನಲ್ಲದೆ ಇನ್ನೇನಾಗಿರಲು ಸಾಧ್ಯ? ರಸ್ತೆಗೋ ಬಡಾವಣೆಗೋ ಕೈಗಾರಿಕೆಗೋ ಜಮೀನು ಹೋಗುವ ಮೊದಲು ಅವನೇ ಬರುವುದು. ತೆಗೆದ ಮಿಂಚುಳ್ಳಿಯನ್ನು ತೋರಿಸಿದೆ. ಅಜ್ಜ ಬಹಳ ಹೊತ್ತು ನೋಡಿದ, ನಂಬಲಿಲ್ಲ. ಆಮೇಲೆ ದನಿ ತಗ್ಗಿಸಿ, "ಒಂದ್ ಕೆಲ್ಸ ಮಾಡಿ ಸಾರ್. ಇದನ್ನ ಒಸಿ ಆ ಕಡೆ ತಿರುಗ್ಸಿ. ಅದು ನಮ್ ದಾಯಾದಿ ಜಮೀನು" ಎಂದ. ಮನೆಗೆ ಬಂದು ಹೇಳಿದರೆ ಸುಮಿತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ, ಸ್ವಲ್ಪ ಕಡಿಮೆ. ಬಿಸಿಲಲ್ಲಿ ನನ್ನ ಹಿಂದೆ ಬಂದು ನಿಂತಾಗ ಆ ಅಜ್ಜನ ಎದೆ ಹೇಗೆ ಹೊಡೆದುಕೊಂಡಿರಬಹುದು ಎಂದು ಆಮೇಲೆ ಅನ್ನಿಸುತ್ತಲೇ ಇತ್ತು.

ಕ್ರೀಡಾಕೂಟದ ದಿನ ಬಂತು. ಊರ ಹೊರಗಿನ ಶಾಲೆಯ ಮೈದಾನ. ನಾನು ಹಿಂದೆ, ದೂರದಲ್ಲಿ ಜಾಗ ಹುಡುಕಿಕೊಂಡಿದ್ದೆ. ಆದರೆ ನಮ್ಮ ಕಡೆ ದೊಡ್ಡ ಕ್ಯಾಮೆರಾ ಹಿಡಿದವನನ್ನು ಹಿಂದೆ ನಿಲ್ಲಿಸುವುದು ಅವನಿಗೆ ಮಾಡುವ ಅವಮಾನ. ಮೈಕಿನವರು ನನ್ನ ಲೆನ್ಸ್ ನೋಡಿದ್ದೇ ತಡ, "ಫೋಟೋ ಸಾರ್, ಮುಂದೆ ಬನ್ನಿ, ಸಂಕೋಚ ಪಟ್ಕೋಬೇಡಿ" ಎಂದು ಶುರು ಮಾಡಿದರು. ಯಾರೋ ಕೈ ಹಿಡಿದು ಕರೆದೊಯ್ದು ಅಂಕಣದ ಗೆರೆಗೆ ತಾಗಿದಂತೆ ಕುರ್ಚಿ ಹಾಕಿ ಕೂರಿಸಿದರು, ಕೈಗೆ ಟೀ ಕೊಟ್ಟರು. ಲೆನ್ಸಿಗೆ ಕಣ್ಣಿಟ್ಟೆ. ಒಂದು ಮೊಣಕೈ ಕಂಡಿತು. ಆಮೇಲೆ ಒಂದು ಕಿವಿ. ಕಿವಿಯೋಲೆಯಿಂದ ಅದು ನನ್ನ ಹೆಂಡತಿಯದೆಂದು ಗೊತ್ತಾಯಿತು. ಹಿಂದೆ ಸರಿದರೆ ಮೈಕು ಮತ್ತೆ ಮರ್ಯಾದೆಯಿಂದ ಮುಂದಕ್ಕೆ ಕರೆಯುತ್ತಿತ್ತು. ಕೊನೆಗೆ ಟೀ ಲೋಟ ಇಡುವ ನೆಪದಲ್ಲಿ ಎದ್ದು, ಶಾಲೆಯ ಗೇಟು ದಾಟಿ, ಕಾಂಪೌಂಡಿನ ಆಚೆ ಕೊಯ್ಲು ಮುಗಿದಿದ್ದ ರಾಗಿ ಹೊಲಕ್ಕೆ ಓಡಿದೆ. ಕೂಳೆಯ ನಡುವೆ ಸ್ಟ್ಯಾಂಡ್ ನೆಟ್ಟೆ. ಮೋಟು ಗೋಡೆಯ ಮೇಲಿಂದ ಇಡೀ ಅಂಕಣ ಕಾಣುತ್ತಿತ್ತು.

ಸುಮಿತ್ರ ಗೆರೆ ಮುಟ್ಟಿ ನಮಸ್ಕರಿಸಿ ರೈಡ್‌ಗೆ ಹೊರಟಳು. ಲೆನ್ಸಿನಲ್ಲಿ ಅವಳ ಮುಖ ತುಂಬಿ ಬಂತು. ದಿನಾ ಎದುರಿಗೆ ಕೂತು ಊಟ ಮಾಡುವ ಮುಖ, ಆದರೆ ಹೀಗೆ ಉರಿಯುವುದನ್ನು ನಾನು ನೋಡಿಯೇ ಇರಲಿಲ್ಲ. ಉಸಿರು ಬಿಗಿಹಿಡಿದು "ಕಬಡ್ಡಿ ಕಬಡ್ಡಿ" ಎನ್ನುತ್ತಿದ್ದಾಳೆ, ಉಸಿರು ಕಟ್ಟಿದ್ದು ನನಗೆ. ಬೆವರು ಕಣ್ಣಿಗಿಳಿದು ಎಲ್ಲ ಮಂಜಾಯಿತು. ಫೋಕಸ್ ಸಿಕ್ಕಿತೆನ್ನುವ ಹಸಿರು ಚೌಕ ಮಿನುಗಿತು. ಗುಂಡಿ ಒತ್ತಿ ಹಿಡಿದೆ, ಅವಳು ಮುಟ್ಟಿ ಹಿಂದಿರುಗುವವರೆಗೂ ಬಿಡಲಿಲ್ಲ.

ನಮ್ಮ ಕ್ಯಾಮೆರಾದಲ್ಲಿ ಒಂದು ಸೌಕರ್ಯವಿದೆ. ಹಕ್ಕಿ ಎಂದು ಸೆಟ್ ಮಾಡಿಟ್ಟರೆ ಅದು ತಾನಾಗಿಯೇ ಹಕ್ಕಿಯ ಕಣ್ಣನ್ನು ಹುಡುಕಿ ಹಿಡಿಯುತ್ತದೆ. ಮನುಷ್ಯ ಎಂದು ಬದಲಾಯಿಸಲು ನಾನು ಮರೆತಿದ್ದೆ. ಸರಿಯಾಗಿ ಆಗಲೇ ಗೋಡೆಯ ಮೇಲೆ ಒಂದು ಕಾಗೆ ಬಂದು ಕೂತಿತ್ತು. ಇನ್ನು ಹೇಳುವುದೇನಿದೆ? ಅಷ್ಟೂ ಫೋಟೋಗಳಲ್ಲಿ ಕಾಗೆ. ಅದರ ಹಿಂದೆ ಸುಮಿತ್ರ, ಅರಿಶಿನದ ಬಣ್ಣದ ಜೆರ್ಸಿಯ ಒಂದು ಮಸುಕು. ಸಂಜೆ ಅವಳ ಮುಖ ನೋಡಲಾಗದೆ, "ಬೆಳಕು ಸರಿ ಇರ್ಲಿಲ್ಲ ಕಣೇ, ಮಸುಕಾಗಿ ಬಂದಿದೆ" ಎಂದಷ್ಟೇ ಹೇಳಿದೆ. "ಹೋಗ್ಲಿ ಬಿಡಿ" ಎಂದು ಮಂಡಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಟೀಚರುಗಳ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಅವಳು ಮುಟ್ಟಿ ಹಿಂದಿರುಗುವಾಗ ಜೊತೆಯ ಟೀಚರೊಬ್ಬರು ಈಚೆ ಗೆರೆಯ ಪಕ್ಕ ನಿಂತು ಫೋನಿನಲ್ಲಿ ತೆಗೆದದ್ದು. ಸುಮಿತ್ರಳ ಒಂದು ಕಾಲು ಗಾಳಿಯಲ್ಲಿ, ಚಾಚಿದ ಕೈ, ಮುಖ ಪೂರ್ತಿ. ಹಿಂದೆ ಗೋಡೆಯಾಚೆ ರಾಗಿ ಹೊಲದಲ್ಲಿ ಬಗ್ಗಿ ನಿಂತ ಒಂದು ಪುಟ್ಟ ಆಕೃತಿ, ಮುಂದೆ ಮೂರು ಕಾಲು. ಕೆಳಗೆ ಆಗಲೇ ಯಾರೋ ಕೇಳಿದ್ದರು: "ಹಿಂದೆ ಸರ್ವೆಯೋರು ಇದಾರಲ್ಲ, ಆ ಜಮೀನೂ ಹೋಯ್ತಾ?" ಅದಕ್ಕೆ ಸುಮಿತ್ರ ಉತ್ತರ ಹಾಕಿದಳು: "ಸರ್ವೆ ಅಲ್ಲ, ನಮ್ಮ ಯಜಮಾನ್ರು."

ಆ ಫೋಟೋಗೆ ಚೌಕಟ್ಟು ಹಾಕಿಸಿ ಹಾಲ್‌ನ ಗೋಡೆಗೆ ತೂಗುಹಾಕಿದ್ದಾಳೆ. ಹಾಕಿಸುವ ಮೊದಲು ನಾನು, "ಹಿಂದಿರೋ ಆ ಸರ್ವೆಯವನನ್ನ ಕತ್ತರಿಸಿಬಿಡೋಣ" ಎಂದಿದ್ದೆ.

"ಬೇಡ, ಇರ್ಲಿ ಬಿಡಿ," ಎಂದಳು ಸುಮಿತ್ರ. "ನೀವು ನನ್ನನ್ನೇ ನೋಡ್ತಿರೋ ಫೋಟೋ ಮನೇಲಿ ಇದೊಂದೇ ಇರೋದು."

ನಾನು ನೋಡುತ್ತಿದ್ದದ್ದು ಅವಳನ್ನೇ, ದೇವರಾಣೆ. ಆದರೆ ಕಾಗೆಯ ವಿಷಯ ಅವಳಿಗೆ ಇನ್ನೂ ಹೇಳಿಲ್ಲ. ಆ ಫೋಟೋಗಳನ್ನು ಅಳಿಸಿಬಿಡೋಣವೆಂದು ಆಗಾಗ ತೆರೆಯುತ್ತೇನೆ, ಮನಸ್ಸು ಬರುವುದಿಲ್ಲ. ಆ ಲೆನ್ಸಿನಲ್ಲಿ ಇಲ್ಲಿಯವರೆಗೆ ಅಷ್ಟು ಚೆನ್ನಾಗಿ ಬಂದಿರುವ ಹಕ್ಕಿ ಅದೊಂದೇ.