ನನ್ನನ್ನು ಕರೆತರಬೇಕಿದ್ದ ಜೀಪ್ ಮಹಾಶಯರಿಗೆ

ಮಾನ್ಯ ಜೀಪ್ ಮಹಾಶಯರೇ,

ಶೆಡ್ಡಿನೊಳಗೆ ತಾವು ನಾಲ್ಕೂ ಚಕ್ರಗಳ ಮೇಲೆ, ಅಥವಾ ಈ ವಾರ ಎಷ್ಟು ಚಕ್ರಗಳು ಜೋಡಣೆಯಾಗಿವೆಯೋ ಅಷ್ಟರ ಮೇಲೆ, ಕ್ಷೇಮವಾಗಿದ್ದೀರೆಂದು ನಂಬಿ, ತಮ್ಮ ಯಜಮಾನನ ಅಕ್ಕನಾದ ನಾನು ಸಲ್ಲಿಸುವ ಗೌರವಪೂರ್ವಕ ನಮಸ್ಕಾರಗಳು. ನಾವು ಪರಸ್ಪರ ಮುಖ ನೋಡುವ ಮೊದಲೇ ತಮ್ಮ ಉಸಿರಾಟ, ಗಂಟಲು, ಕೀಲುನೋವುಗಳ ಬಗ್ಗೆ ನಾನು ಫೋನಿನಲ್ಲಿ ಕೇಳಿರುವಷ್ಟನ್ನು, ದಾದಿಯಾಗಿ ದುಡಿದ ಇಡೀ ಕಾಲದಲ್ಲಿ ಯಾವ ರೋಗಿಯ ಬಗ್ಗೆಯೂ ಕೇಳಿಲ್ಲ; ಆದ್ದರಿಂದ ಪರಕೀಯಳೆಂದು ಭಾವಿಸದೆ ನನ್ನ ದೂರನ್ನು ಆಲಿಸಬೇಕೆಂದು ಪ್ರಾರ್ಥನೆ. ಇದನ್ನು ಬಹಿರಂಗ ಪತ್ರವಾಗಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಒಳಗಿಟ್ಟರೆ ನನ್ನ ತಮ್ಮ ಅದರಲ್ಲಿ ಕೈಯ ಗ್ರೀಸು ಒರೆಸುತ್ತಾನೆ.

ಬೆಟ್ಟದ ಮೇಲಿನ ಸಣ್ಣ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ನಾನು ನಿವೃತ್ತಳಾದ ಮೇಲೆ, ಅಲ್ಲಿಯ ಕ್ವಾರ್ಟರ್ಸಿನ ಕೋಣೆಯನ್ನು ಖಾಲಿ ಮಾಡಿ ತಮ್ಮನ ಮನೆಗೆ ಬಂದು ನೆಲೆಸುವುದೆಂದು ತೀರ್ಮಾನವಾಗಿತ್ತು. ಬೆಟ್ಟದ ದಾರಿ ಕೆಟ್ಟದು, ನನ್ನ ಮೊಣಕಾಲು ಅದಕ್ಕಿಂತ ಕೆಟ್ಟದು ಎಂಬ ಕಾರಣಕ್ಕೆ, "ನೀನು ಒಂದು ಹೆಜ್ಜೆನೂ ಇಡಬೇಡ ಅಕ್ಕ, ನಾನೇ ಬಂದು ಬಾಗಿಲಿಂದ ಬಾಗಿಲಿಗೆ ಕರ್ಕೊಂಡು ಬರ್ತೀನಿ" ಎಂದು ಮಾತು ಕೊಟ್ಟ ನನ್ನ ತಮ್ಮ, ಅದೊಂದೇ ಉದ್ದೇಶಕ್ಕೆ ತಮ್ಮನ್ನು ಕಟ್ಟಿಗೆ ಡಿಪೋದಿಂದ ಕೊಂಡು ತಂದ. ಆ ದಿನ ತಾವು ಯಾರ ಸಹಾಯವೂ ಇಲ್ಲದೆ, ಸ್ವಂತ ಎಂಜಿನ್ನಿನ ಬಲದಿಂದಲೇ, ಇಡೀ ಊರು ದಾಟಿ ಬಂದಿರಂತೆ. ಹಾಗೆಯೇ ನಿಲ್ಲದೆ ಬೆಟ್ಟ ಹತ್ತಿಬಿಟ್ಟಿದ್ದರೆ ನಾನು ಪೆಟ್ಟಿಗೆ ಎತ್ತಿಕೊಂಡು ಕೂರುತ್ತಿದ್ದೆ, ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ತಾವು ಬಂದು ಸೇರಿದ್ದು ಒಬ್ಬ ಟೈಲರನ ಕೈಗೆ.

ನನ್ನ ತಮ್ಮನ ಹೊಲಿಗೆಯ ಅಂದಕ್ಕೆ ಊರೇ ತಲೆದೂಗುತ್ತಿತ್ತು, ಅವನು ಹೇಳಿದ ದಿನಕ್ಕೆ ಊರೇ ತಲೆ ಚಚ್ಚಿಕೊಳ್ಳುತ್ತಿತ್ತು. ಅವನು ಹೊಲಿದ ಕೋಟು ತೊಟ್ಟು ಮದುವೆಯಾದ ಗಂಡು ಒಬ್ಬನೂ ಇಲ್ಲ. ಆ ಕೋಟುಗಳು ಮೊದಲು ಬೆಳಕು ಕಂಡದ್ದು ಚೊಚ್ಚಲ ಮಗುವಿನ ಹುಟ್ಟುಹಬ್ಬಕ್ಕೆ. ಕೇಳಲು ಹೋದವರಿಗೆಲ್ಲ "ಗುಂಡಿ ಮಾತ್ರ ಬಾಕಿ, ನಾಳೆ ಬನ್ನಿ" ಎಂಬ ಒಂದೇ ಉತ್ತರ. ರೆಡಿಮೇಡ್ ಬಟ್ಟೆಯ ಕಾಲ ಬಂದು ಅಂಗಡಿ ಮುಚ್ಚಿದರೂ ಟೇಪು ಅವನ ಕೊರಳಿನಿಂದ ಇಳಿಯಲಿಲ್ಲ, ಸೀಮೆಸುಣ್ಣ ಜೇಬಿನಿಂದ ಹೋಗಲಿಲ್ಲ. ಇಂಥವನ ಕೈಗೆ ಮೊಬೈಲಿನಲ್ಲಿ ಜೀಪು ಬಿಚ್ಚುವ ವಿಡಿಯೋಗಳೂ ಸಿಕ್ಕಮೇಲೆ ತಮ್ಮ ಗತಿ ಏನಾಯಿತೆಂದು ನಾನು ತಮಗೇ ವಿವರಿಸಬೇಕಾಗಿಲ್ಲ.

ಮೊದಲು ಸ್ಪ್ರಿಂಗುಗಳ ನಡುವೆ ಕಬ್ಬಿಣದ ತುಂಡುಗಳನ್ನು ತುರುಕಿ ತಮ್ಮನ್ನು ಎತ್ತರ ಮಾಡಿದ. ಅದನ್ನು ನನಗೆ ವರದಿ ಮಾಡಿದ್ದು "ಮಡಿಕೆ ಬಿಚ್ಚಿ ಉದ್ದ ಬಿಟ್ಟಿದ್ದೀನಿ ಅಕ್ಕ" ಎಂದು. ಬೆಟ್ಟದ ದಾರಿಯಲ್ಲಿ ಅಡ್ಡ ಹರಿಯುವ ತೊರೆಯನ್ನು ದಾಟುವಾಗ ಎಂಜಿನ್ನಿಗೆ ನೀರು ನುಗ್ಗಬಾರದೆಂದು, ತಮ್ಮ ಮೂಗಿನಿಂದ ಛಾವಣಿಯವರೆಗೆ ಒಂದು ಉಸಿರಾಟದ ಕೊಳವೆಯನ್ನೂ ಏರಿಸಿದ. ಆ ತೊರೆಯಲ್ಲಿ ನನ್ನ ಚಪ್ಪಲಿಯ ಪಟ್ಟಿ ನೆನೆದರೆ ಹೆಚ್ಚು ಎಂದು ನಾನು ಹೇಳಿದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಸರಿನಲ್ಲಿ ಸಿಕ್ಕಿಬಿದ್ದಾಗ ತಮ್ಮನ್ನು ತಾವೇ ಎಳೆದುಕೊಳ್ಳಲು ಮುಂಭಾಗಕ್ಕೆ ತಂತಿಹಗ್ಗದ ರಾಟೆ ಬಂತು. ಅದು ಈವರೆಗೆ ಎಳೆದಿರುವುದು ಪಕ್ಕದ ಮನೆಯ ಬಟ್ಟೆ ಒಣಹಾಕುವ ಕಂಬವನ್ನು ಮಾತ್ರ, ಅದೂ ಬಟ್ಟೆಗಳ ಸಮೇತ. ಕ್ಯಾನ್ವಾಸಿನ ಹೊದಿಕೆಯನ್ನು ಮಾತ್ರ ನಾನು ಮನಸಾರೆ ಮೆಚ್ಚಿದ್ದೇನೆ, ಏಕೆಂದರೆ ಅಂಥ ನೇರ ಹೊಲಿಗೆಯನ್ನು ಹಾಕಬಲ್ಲವರು ಈಗ ಯಾರೂ ಉಳಿದಿಲ್ಲ.

ಇಷ್ಟೆಲ್ಲ ಆಗಿ ಒಂದು ಬೆಳಿಗ್ಗೆ ತಾವು ನಿಜಕ್ಕೂ ನನ್ನತ್ತ ಹೊರಟಿರೆಂದು ಸುದ್ದಿ ಬಂತು. ಹೊಸ ದೊಡ್ಡ ಟೈರುಗಳನ್ನು ತೊಟ್ಟಿದ್ದ ತಾವು ಬಲಕ್ಕೆ ಹೇಗೋ ತಿರುಗಿದಿರಿ, ಆದರೆ ಎಡಕ್ಕೆ ತಿರುಗಿಸಿದೊಡನೆ ಟೈರು ಮಡ್ಗಾರ್ಡಿಗೆ ಉಜ್ಜಿ ಹಟ ಹಿಡಿದಿರಂತೆ. ಬೆಟ್ಟಕ್ಕೆ ಹೋಗುವ ರಸ್ತೆ ಎಡಕ್ಕಿರುವುದು ತಮ್ಮ ತಪ್ಪಲ್ಲ. ಬಲಕ್ಕೇ ತಿರುಗಿ ತಿರುಗಿ, ಬಡಾವಣೆಗೊಂದು ಸುತ್ತು ಹಾಕಿ, ತಾವು ಮರಳಿ ಶೆಡ್ಡಿಗೇ ಬಂದು ನಿಂತಾಗ, "ಕಂಕುಳಲ್ಲಿ ಸ್ವಲ್ಪ ಬಿಗಿ ಅಕ್ಕ, ಬಿಡಿಸಿಬಿಟ್ರೆ ಆಯ್ತು" ಎಂದು ಅವನು ಸಮಾಧಾನ ಹೇಳಿದ. ನಾನು ಕಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿ ಒಂದು ಸೀರೆ ಹೊರತೆಗೆದೆ.

ಇತ್ತ ನನ್ನ ಜಾಗಕ್ಕೆ ಬಂದ ಹೊಸ ದಾದಿ, ಸಂಕೋಚದ ಹುಡುಗಿ, ನನಗೆ ಕೋಣೆ ಬಿಡಿ ಎನ್ನಲಾರದೆ ಆಸ್ಪತ್ರೆಯ ಪರೀಕ್ಷಾ ಮೇಜಿನ ಮೇಲೆ ಮಲಗತೊಡಗಿದಳು. ಬೆಳಿಗ್ಗೆ ಮೊದಲು ಬಂದ ರೋಗಿಗಳು ಅವಳನ್ನೇ ತಪಾಸಣೆಗೆ ಬಂದವಳೆಂದು ತಿಳಿದು ಏನು ಕಾಯಿಲೆಯಮ್ಮ ಎಂದು ವಿಚಾರಿಸುತ್ತಿದ್ದರು. "ಪರವಾಗಿಲ್ಲ ಸಿಸ್ಟರ್, ಜೀಪ್ ಬರ್ಲಿ ಬಿಡಿ" ಎಂದು ಅವಳು ಸೊಂಟ ಹಿಡಿದುಕೊಂಡು ನಗುವಾಗ ನನಗೆ ಭೂಮಿಗೆ ಇಳಿದುಹೋದಂತಾಗುತ್ತಿತ್ತು. ಅಲ್ಲಿ ನಾನು ಬೇಡದವಳಾಗಿ ಕೂತಿದ್ದೆ, ಇಲ್ಲಿಗೆ ಬರಲಾಗದೆ ಕೂತಿದ್ದೆ.

ತಮ್ಮ ಮನಸ್ಸಿಗೆ ನೋವಾಗುವ ಒಂದು ಸಂಗತಿಯನ್ನು ಈಗ ಹೇಳಲೇಬೇಕು. ಅದೇ ಬೆಟ್ಟಕ್ಕೆ, ಅದೇ ತೊರೆಯನ್ನು ದಾಟಿ, ಪ್ರತಿ ವಾರ ಒಂದು ಲಗೇಜ್ ಆಟೋ ಬರುತ್ತದೆ. ಅದಕ್ಕೆ ಇರುವುದೇ ಮೂರು ಚಕ್ರ, ಕೊಳವೆಯಿಲ್ಲ, ರಾಟೆಯಿಲ್ಲ, ಹಾರ್ನು ಕೂಡ ಬಡಿದರೆ ಮಾತ್ರ ಕೂಗುತ್ತದೆ. ಲಸಿಕೆ, ಗ್ಯಾಸ್ ಸಿಲಿಂಡರು ಇಳಿಸಿ ಅದು ಬರೀ ಖಾಲಿ ಡಬ್ಬಿ, ಖಾಲಿ ಸಿಲಿಂಡರು ಹೇರಿಕೊಂಡು ಮರಳುವುದನ್ನು ನೋಡಿ ನೋಡಿ, ಅದರಲ್ಲೇ ಬಂದುಬಿಡಲೇ ಎಂದು ನಾನು ಕೇಳಿದರೆ, ನನ್ನ ತಮ್ಮ "ನಮ್ಮಕ್ಕ ಸಿಲಿಂಡರ್ ಥರ ಬರ್ಬೇಕಾ?" ಎಂದು ಫೋನ್ ಇಟ್ಟುಬಿಟ್ಟ. ಕಡೆಗೆ ನಾನು ಸಿಲಿಂಡರ್ ಥರವೇ ಬಂದೆ, ಖಾಲಿ ಸಿಲಿಂಡರುಗಳ ನಡುವೆ, ಲಸಿಕೆಯ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು. ಆಟೋದವನು ದಾರಿಯುದ್ದಕ್ಕೂ ಆಕಳಿಸುತ್ತ ಓಡಿಸಿದ.

ಇಲ್ಲಿ ತಮ್ಮ ಪ್ರಥಮ ದರ್ಶನವಾಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆಂದು ದಾರಿಯಲ್ಲೇ ಜೋಡಿಸಿಕೊಂಡು ಬಂದಿದ್ದೆ. ತಮ್ಮ ಹೊಟ್ಟೆಯಡಿಯಿಂದ ತೆವಳಿ ಹೊರಬಂದವನು ನನ್ನನ್ನು ನೋಡಿ, ಆಟೋವನ್ನು ನೋಡಿ, ಮುಖ ಸಣ್ಣದು ಮಾಡಿಕೊಂಡು, "ಗುಂಡಿ ಮಾತ್ರ ಬಾಕಿ ಇತ್ತಲ್ಲಕ್ಕ" ಎಂದ. ಆಮೇಲೆ ಒಂದು ಸ್ಟೂಲು ಹಾಕಿ, ಅದರ ಮೇಲೊಂದು ಮಣೆ ಹಾಕಿ, ಮೊಣಕಾಲು ಎತ್ತಲಾರದ ನನ್ನನ್ನು ತಮ್ಮೊಳಗೆ ಹತ್ತಿಸಿದ. ಇಷ್ಟು ತಡವಾದದ್ದಕ್ಕೆ ಕಾರಣ ಅಲ್ಲಿತ್ತು: ಹಳೆಯ ಸೀಟುಗಳನ್ನೆಲ್ಲ ಕಿತ್ತು, ನನಗೆಂದೇ ಒಂದು ಸೀಟನ್ನು ಅವನು ಕೈಯಾರೆ ಕಟ್ಟಿದ್ದ. ಬೆನ್ನಿಗೆ ಹತ್ತಿ, ಕೊರಳಿಗೆ ದಿಂಬು, ಕನ್ನಡಕಕ್ಕೊಂದು ಜೇಬು. ಅಳತೆ ಯಾವುದೆಂದರೆ, ನಾನು ಕೆಲಸಕ್ಕೆ ಸೇರಿದಾಗ ಅವನು ಹೊಲಿದುಕೊಟ್ಟ ಮೊದಲ ಸಮವಸ್ತ್ರದ್ದು. ಬದುಕಿನಲ್ಲಿ ಅವನು ಹೇಳಿದ ದಿನಕ್ಕೆ ಸರಿಯಾಗಿ ಕೊಟ್ಟ ಬಟ್ಟೆ ಅದೊಂದೇ. ಆ ಅಳತೆ ಅವನಿಗೆ ಬಾಯಿಪಾಠವಾಗಿತ್ತು.

ಸೀಟಿನ ಎರಡು ತೋಳುಗಳ ನಡುವೆ ನನ್ನ ಅರ್ಧ ಭಾಗ ಮಾತ್ರ ಇಳಿಯಿತು, ಇಳಿದದ್ದು ಹೊರಗೆ ಬರಲಿಲ್ಲ. "ಇಷ್ಟು ದಪ್ಪ ಯಾವಾಗ ಆದೆ ಅಕ್ಕ?" ಎಂದ. "ನೀನು ನಾಳೆ ನಾಳೆ ಅಂತಿದ್ಯಲ್ಲ, ಆಗ" ಎಂದೆ. ಇಬ್ಬರೂ ನಕ್ಕೆವು, ಆಮೇಲೆ ನನಗೆ ಅಳು ಬಂತು. ಜೋಡಿಸಿಕೊಂಡು ತಂದಿದ್ದ ಬೈಗುಳವೆಲ್ಲ ಮರೆತೇಹೋಯಿತು. ಅವನು ಕೊರಳಿನ ಟೇಪು ತೆಗೆದು ನನ್ನ ಅಳತೆಯನ್ನು ಹೊಸದಾಗಿ ತೆಗೆದುಕೊಂಡ.

ಆದ್ದರಿಂದ, ಮಾನ್ಯರೇ, ತಾವು ತಾವಾಗಿಯೇ ಕುಳ್ಳಗಾಗಬೇಕು, ಎಡಕ್ಕೆ ತಿರುಗುವುದನ್ನು ಖಾಸಗಿಯಾಗಿ ಅಭ್ಯಾಸ ಮಾಡಬೇಕು, ಮುಂದಿನ ಜನ್ಮದಲ್ಲಿ ಲಗೇಜ್ ಆಟೋ ಆಗಿ ಹುಟ್ಟಬೇಕು ಎಂದು ಬರೆಯಬೇಕೆಂದಿದ್ದ ಬೇಡಿಕೆಗಳನ್ನು ಹಿಂತೆಗೆದುಕೊಂಡಿದ್ದೇನೆ. ಅಂಗಡಿ ಮುಚ್ಚಿದ ಮೇಲೆ ನನ್ನ ತಮ್ಮ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂತಿರುತ್ತಿದ್ದುದನ್ನು ನಾನು ಕಂಡವಳು. ಈಗ ಆ ಕೈಗಳು ಕಪ್ಪಾಗಿವೆ, ಅವನು ಹೊಟ್ಟೆತುಂಬ ಉಣ್ಣುತ್ತಾನೆ, ಸ್ಪ್ಯಾನರು ಹಿಡಿದು ಗುನುಗುತ್ತಾನೆ. ಹೀಗಾಗಿ ನನ್ನ ಏಕೈಕ ವಿನಂತಿಯೆಂದರೆ, ತಾವು ಯಾವ ಕಾರಣಕ್ಕೂ ಪೂರ್ತಿಯಾಗಬಾರದು. ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಕೆಡುವ ತಮ್ಮ ಸತ್ಸಂಪ್ರದಾಯವನ್ನು ಮುಂದುವರಿಸಿಕೊಂಡು ಹೋಗಬೇಕು. ನಾನು ಬಂದಾಯಿತು, ಇನ್ನು ತಮಗೆ ಅವಸರವೇನೂ ಇಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಟೈಲರನ ಅಕ್ಕ

ತಾ.ಕ.: ಈ ಪತ್ರ ಬರೆಯುತ್ತಿರುವಷ್ಟರಲ್ಲೇ ತಮ್ಮ ಯಜಮಾನ, ತಮ್ಮಲ್ಲಿ ಸದ್ಯ ಬಿಚ್ಚಲು ಏನೂ ಉಳಿದಿಲ್ಲವೆಂದು, ನನ್ನ ಮಂಚ ಕಿರುಗುಟ್ಟುತ್ತದೆಂಬ ನೆಪ ತೆಗೆದು ಅದರ ಎರಡು ಕಾಲುಗಳನ್ನು ಕಳಚಿದ್ದಾನೆ; ನಾಳೆ ಕೊಡುತ್ತಾನಂತೆ. ನನಗೆ ಇಂದು ಮಲಗಬೇಕಾಗಿದೆ. ದಯವಿಟ್ಟು ಈ ಕ್ಷಣವೇ ಎಲ್ಲಾದರೂ ಒಂದಿಷ್ಟು ಎಣ್ಣೆ ಸೋರಿಸಿರಿ.