ಪಾಲಾಗುವ ಪಿಂಚಣಿಗೆ ಅಮ್ಮನ ಆರತಿ

ನನ್ನ ಕೆಲಸವೇನೆಂದು ಯಾರಾದರೂ ಗಂಡಸರು ಕೇಳಿದರೆ, ಅವರ ಹೆಂಡತಿ ಎಷ್ಟು ದೂರದಲ್ಲಿದ್ದಾರೆಂದು ಮೊದಲು ನೋಡಿಕೊಳ್ಳುತ್ತೇನೆ. ವಿಚ್ಛೇದನಕ್ಕೆ ಹೊರಟವರ ಪಿಂಚಣಿಗೆ ಬೆಲೆ ಕಟ್ಟಿ, ಯಾರಿಗೆಷ್ಟು ಪಾಲು ಎಂದು ಹೇಳುವುದು ನನ್ನ ಕಸುಬು. ಇನ್ನೂ ಕೈಗೆ ಬಾರದ ಪಿಂಚಣಿಗೆ ಬೆಲೆ ಕಟ್ಟಬೇಕಾದರೆ ಮನುಷ್ಯ ಇನ್ನೆಷ್ಟು ವರ್ಷ ಬದುಕಿಯಾನು ಎಂಬ ಅಂದಾಜು ಬೇಕು, ಅದಕ್ಕೊಂದು ಕೋಷ್ಟಕವಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗ ನಾನು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕಾಲೇಜಿಗೆ ಹೋಗಿ ಸಂಪಾದಿಸಿದ ಗಣಿತ ಇದು. ಹಾಗಾಗಿ ಆ ಕೋಷ್ಟಕದ ಬಗ್ಗೆ ನನಗೆ ಸ್ವಲ್ಪ ಜಂಬವೇ. ಪರದೇಶದ ಈ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟಿಗೆ ಊರಿಂದ ಬಂದಿದ್ದ ಅಮ್ಮನಿಗೆ ಮಾತ್ರ, ಗಂಡ ಹೆಂಡಿರ ವ್ಯಾಜ್ಯ ಬಗೆಹರಿಸುತ್ತೇನೆ ಎಂದಷ್ಟೇ ಹೇಳಿದ್ದೆ. ಅವಳ ಹೆಮ್ಮೆ ಹೇಳತೀರದು.

ಆಯುಧ ಪೂಜೆಗೆ ಈ ದೇಶದಲ್ಲಿ ರಜೆಯೆಲ್ಲಿ? ಮನೆಯಿಂದಲೇ ವಿಡಿಯೋ ಮೀಟಿಂಗ್. ಪರದೆಯ ಮೇಲೆ ಸರ್ಕಾರಿ ಲ್ಯಾಬಿನ ವಿಜ್ಞಾನಿಯೊಬ್ಬಳು, ಪಕ್ಕದಲ್ಲಿ ವಿಚ್ಛೇದನ ಪಡೆಯುತ್ತಿರುವ ಗಂಡ. ಅವಳ ಪಿಂಚಣಿಯಲ್ಲಿ ತನ್ನ ಪಾಲನ್ನು ಈಗಲೇ ಒಂದೇ ಗಂಟಾಗಿ ಕೊಡಬೇಕೆಂದು ಅವನ ಹಟ. ಹಾಗೆ ಕೊಡಬೇಕಾದರೆ ಮನೆ ಮಾರಬೇಕು, ಪಿಂಚಣಿ ಶುರುವಾದ ಮೇಲೆ ತಿಂಗಳು ತಿಂಗಳು ತಗೋ ಎಂದು ಅವಳು. ಅವತ್ತು ಒಪ್ಪದಿದ್ದರೆ ಕೋರ್ಟೇ ಗತಿ. ನನ್ನ ಕೋಷ್ಟಕವನ್ನು ಇಬ್ಬರೂ ಅನುಮಾನದಿಂದ ನೋಡುತ್ತಿದ್ದರು.

ಅಷ್ಟರಲ್ಲಿ ಕಾರು, ಕುಕ್ಕರುಗಳ ಪೂಜೆ ಮುಗಿಸಿದ ಅಮ್ಮ ಆರತಿ ತಟ್ಟೆ ಹಿಡಿದು ಲ್ಯಾಪ್‌ಟಾಪಿನ ಮುಂದೆ ಬಂದಳು. ಪರದೆಯಲ್ಲಿ ಅಕ್ಕಪಕ್ಕ ಕೂತ ಗಂಡ ಹೆಂಡತಿ ಕಂಡರೆ ಬಿಡುತ್ತಾಳೆಯೇ? ನಾನು ಕೈ ಅಡ್ಡ ಮಾಡುವ ಮೊದಲೇ ಇಬ್ಬರ ಹಣೆಗೂ ಗುರಿಯಿಟ್ಟು ಗಾಜಿನ ಮೇಲೆ ಕುಂಕುಮ ಹಚ್ಚಿ, "ನೂರು ವರ್ಷ ಒಟ್ಟಿಗೆ ಬಾಳ್ರಪ್ಪಾ" ಎಂದು ಆರತಿ ಎತ್ತಿದಳು.

ಏನೆಂದರು ಎಂದು ಆ ಹೆಂಗಸು ಕೇಳಿದಳು. 'ಒಟ್ಟಿಗೆ' ಎಂಬುದೊಂದನ್ನು ನುಂಗಿಕೊಂಡು ಉಳಿದದ್ದನ್ನು ಇಂಗ್ಲಿಷಿಗೆ ತಿರುಗಿಸಿದೆ. ಗಂಡ ನಕ್ಕುಬಿಟ್ಟ. ಇವಳ ತವರಿನ ಹೆಂಗಸರೆಲ್ಲ ತೊಂಬತ್ತು ದಾಟಿದವರೇ ಎಂದ. ಆಮೇಲೆ ನಗು ನಿಲ್ಲಿಸಿ, ಅವಳು ಬದುಕಿರುವಷ್ಟು ಕಾಲ ತನಗೂ ಪಾಲು ಬರುತ್ತದೆಯೇ ಎಂದು ಕೇಳಿದ. ಹೌದೆಂದೆ. ಹಾಗಾದರೆ ತಿಂಗಳು ತಿಂಗಳೇ ಇರಲಿ ಎಂದ. ಅವಳೂ ನಕ್ಕಳು. ಮನೆ ಉಳಿಯಿತು.

ಊಟಕ್ಕೆ ಬಡಿಸುತ್ತಾ ಅಮ್ಮ, ಇಬ್ಬರೂ ಒಂದಾದರೇ ಎಂದು ಕೇಳಿದಳು. ತಪ್ಪಿಸಿಕೊಳ್ಳಲಾಗದೆ ಇದ್ದದ್ದನ್ನು ಇದ್ದಂತೆ ಹೇಳಿದೆ.

ಅಮ್ಮ ಸಾರಿನ ಸೌಟು ಹಿಡಿದೇ ಯೋಚಿಸಿದಳು. "ಅಂದ್ರೆ ಅವಳು ಚೆನ್ನಾಗಿರ್ಲಿ ಅಂತ ಇನ್ಮೇಲೆ ಅವನು ದಿನಾ ದೇವರನ್ನ ಬೇಡ್ಕೋತಾನೆ. ಇಷ್ಟು ದಿನ ಬೇಡ್ಕೋತಿದ್ನೇನೋ? ಒಳ್ಳೆ ಕೆಲಸಾನೇ ಕಣೋ ನಿಂದು."

ಎದುರಿಗೆ ಊಟಕ್ಕೆ ಕೂತಿದ್ದ ನನ್ನ ಹೆಂಡತಿ ನನ್ನತ್ತ ಒಮ್ಮೆ ನೋಡಿ, ತುಪ್ಪದ ಬಟ್ಟಲನ್ನು ನನ್ನ ಮುಂದಕ್ಕೆ ತಳ್ಳಿದಳು.

ಸಂಜೆ ಸುಮ್ಮನೆ ಕೋಷ್ಟಕ ತೆರೆದು ನನ್ನ ವಯಸ್ಸಿನ ಎದುರು ಇನ್ನೆಷ್ಟು ವರ್ಷ ಬರೆದಿದೆಯೆಂದು ನೋಡಿದೆ. ನೋಡಿದವನೇ ಎದ್ದು ಹೋಗಿ ಅಮ್ಮನ ಮುಂದೆ ಕುಂಕುಮಕ್ಕೆ ಹಣೆ ಒಡ್ಡಿದೆ.