ಡ್ರಿಲ್ ಮೇಷ್ಟ್ರನ್ನು ಕೊಟ್ಟು ಒಂದೂವರೆ ಮೇಷ್ಟ್ರನ್ನು ತಂದದ್ದು

ನನಗೆ ಅಭಿಪ್ರಾಯಗಳ ಕೊರತೆ ಯಾವತ್ತೂ ಆಗಿಲ್ಲ. ವಿಚಿತ್ರವೆಂದರೆ, ವಿಷಯ ನನ್ನಿಂದ ಎಷ್ಟು ದೂರವಿರುತ್ತದೋ ಅಭಿಪ್ರಾಯ ಅಷ್ಟು ಗಟ್ಟಿಯಾಗಿರುತ್ತದೆ. ನಮ್ಮ ಬೀದಿಯ ಚರಂಡಿಯ ಬಗ್ಗೆ ಯಾರಾದರೂ ಕೇಳಿದರೆ 'ನೋಡೋಣ' ಎಂದು ಜಾರಿಕೊಳ್ಳುತ್ತೇನೆ. ಅದೇ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಯಾವ ತಂಡ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಕೇಳಿ ನೋಡಿ, ಊಟದ ಹೊತ್ತು ಮೀರಿದರೂ ನಿಲ್ಲಿಸುವುದಿಲ್ಲ. ಹೊಸದುರ್ಗದಲ್ಲಿ ಯಾರೂ ಕೇಳುವುದಿಲ್ಲ ಎನ್ನುವುದು ಬೇರೆ ಮಾತು. ಇಲ್ಲಿ ಕೊಬ್ಬರಿ ಧಾರಣೆಗೆ ಕಿವಿಗಳಿವೆ, ಕ್ರಿಕೆಟ್ಟಿಗಂತೂ ಕಿವಿಗಳೇ ಕಿವಿಗಳು. ಬುಟ್ಟಿಗೆ ಚೆಂಡು ಹಾಕುವ ಆಟದ ಮಾತೆತ್ತಿದರೆ ಜನ ಕೈಗಡಿಯಾರ ನೋಡಿಕೊಳ್ಳುತ್ತಾರೆ. "ಅಲ್ರಿ, ನೀವು ಇಷ್ಟೆಲ್ಲ ಅವ್ರಿಗೆ ಬುದ್ಧಿ ಹೇಳ್ತೀರಲ್ಲ, ಅವ್ರಿಗೆ ನೀವು ಯಾರು ಅಂತ ಗೊತ್ತೈತಾ?" ಎಂದು ನನ್ನ ಹೆಂಡತಿ ಗಿರಿಜಾ ಒಮ್ಮೆ ಕೇಳಿದಳು. ಗೊತ್ತಿಲ್ಲದೆ ಇರುವುದರಿಂದಲೇ ಲೀಗು ಈ ಸ್ಥಿತಿಗೆ ಬಂದಿದೆ ಎಂದು ನಾನು ಹೇಳಿದೆ. ಅವಳು ಒಗ್ಗರಣೆಗೆ ಎದ್ದು ಹೋದಳು.

ಈ ಹುಚ್ಚು ಹತ್ತಿದ್ದು ಚಿತ್ರದುರ್ಗದಲ್ಲಿ ಕಾಲೇಜು ಓದುವಾಗ. ನಾನು ಕಾಲೇಜು ತಂಡದಲ್ಲಿದ್ದೆ, ಅಂದರೆ ತಂಡದವರು ಬಿಚ್ಚಿಟ್ಟ ವಾಚು, ಚಪ್ಪಲಿ, ಪರ್ಸುಗಳ ಪಕ್ಕದಲ್ಲಿ ಕೂತಿರುತ್ತಿದ್ದೆ. ಒಂದೇ ಒಂದು ಸಲ ಯಾರದೋ ಕಾಲು ಉಳುಕಿ ನನ್ನನ್ನು ಅಂಗಳಕ್ಕೆ ಇಳಿಸಿದರು. ಇಳಿದ ಐದು ನಿಮಿಷದೊಳಗೆ ಒಂದು ಸುಂದರವಾದ ಬುಟ್ಟಿ ಹಾಕಿದೆ. ಅದು ನಮ್ಮದೇ ಬುಟ್ಟಿ ಎಂದು ಆಮೇಲೆ ತಿಳಿಯಿತು. ಅಂದಿನಿಂದ ಆಡುವುದನ್ನು ಬಿಟ್ಟು ಅಭಿಪ್ರಾಯಕ್ಕೆ ಇಳಿದೆ.

ಈಗ ನಾನು ಒಂದು ವಿದ್ಯಾಸಂಸ್ಥೆಯ ಕಚೇರಿಯಲ್ಲಿ ಹೆಡ್ ಕ್ಲರ್ಕ್. ಹೊಸದುರ್ಗ, ಹೊಳಲ್ಕೆರೆ, ಧರ್ಮಪುರ ಹೀಗೆ ಮೂರು ಕಡೆ ನಮ್ಮ ಪ್ರೌಢಶಾಲೆಗಳಿವೆ. ಹೊಸದುರ್ಗದ ಶಾಲೆಗೆ ಎಂಟು ವರ್ಷದ ಹಿಂದೆ ಡ್ರಿಲ್ ಮೇಷ್ಟ್ರಾಗಿ ಬಂದವನು ತಿಪ್ಪೇಸ್ವಾಮಿ. ಮತ್ತೋಡು ಕಡೆಯವನು, ಕುರಿ ಸಾಕುವ ಮನೆತನ, ನನಗಿಂತ ಹದಿನೈದು ವರ್ಷ ಚಿಕ್ಕವನು. ಬಂದ ಮೊದಲ ವಾರವೇ ಹಳೆಯ ನೀರಿನ ಪೈಪಿಗೆ ಕಬ್ಬಿಣದ ಬಳೆ ಬೆಸುಗೆ ಹಾಕಿಸಿ ಅಂಗಳದಲ್ಲಿ ನೆಟ್ಟು ಹುಡುಗಿಯರ ತಂಡ ಕಟ್ಟಿದ. ಅದನ್ನು ನೋಡಿ ನಾನು ಕಚೇರಿಯಿಂದ ಇಳಿದು ಹೋಗಿ, ದೂರದ ಗೆರೆಯಿಂದ ಎಸೆಯುವ ಈಗಿನ ಚಟದಿಂದ ಆಟವೇ ಹಾಳಾಗುತ್ತಿದೆ ಎಂದೆ. ಅವನು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, "ಕುಂತ್ಕಳ್ರಿ ಸಾರ್, ಮಾತಾಡಾಣ" ಅಂದ. ನನ್ನ ಜೀವನದಲ್ಲಿ ಆ ವಿಷಯಕ್ಕೆ ನನ್ನನ್ನು ಕೂರಿಸಿದ ಮೊದಲ ಮನುಷ್ಯ ಅವನು.

ಅಮೆರಿಕದವರ ರಾತ್ರಿಯ ಪಂದ್ಯ ನಮಗೆ ಬೆಳಗಿನ ತಿಂಡಿಯ ಹೊತ್ತಿಗೆ ಸಿಗುತ್ತದೆ. ಶಾಲೆಯ ಎದುರಿನ ಹೋಟೆಲಿನಲ್ಲಿ ಅವನ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನಾವಿಬ್ಬರೂ ಇಡ್ಲಿ ತಿನ್ನುತ್ತ ನೋಡುತ್ತಿದ್ದೆವು. ಮೈಯಲ್ಲಿ ಏನೂ ನೋವಿಲ್ಲದಿದ್ದರೂ ವಿಶ್ರಾಂತಿ ಎಂದು ಪಂದ್ಯಕ್ಕೆ ಚಕ್ಕರ್ ಹೊಡೆಯುವ ದೊಡ್ಡ ಆಟಗಾರರನ್ನು ನಾನು ಬೈಯುತ್ತಿದ್ದೆ, ಅವನು ಅವರ ಮಂಡಿಯ ಪರ ವಾದಿಸುತ್ತಿದ್ದ. ಆ ಲೀಗಿನಲ್ಲಿ ಸೋತ ತಂಡಗಳಿಗೇ ಹೊಸ ಹುಡುಗರಲ್ಲಿ ಮೊದಲ ಆಯ್ಕೆ; ಆ ಆಸೆಗೆ ಈ ವರ್ಷ ಬೇಕೆಂದೇ ಸೋಲುವ ತಂಡಗಳನ್ನು ಇಬ್ಬರೂ ಸೇರಿ ಬೈಯುತ್ತಿದ್ದೆವು. ಕಚೇರಿಗೆ ನಾನು ತಡವಾಗಿ ಹೋದ ದಿನಗಳೆಲ್ಲ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋದ ದಿನಗಳೇ.

ನಮ್ಮಿಬ್ಬರಿಗೂ ಅಚ್ಚುಮೆಚ್ಚಿನವನೆಂದರೆ ಒಬ್ಬ ಎಡಗೈ ಆಟಗಾರ. ಅವನ ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ, ಗೊತ್ತಾಗುವವರಿಗೆ ಸುಮ್ಮನೆ ಸಂಕಟ. ನಾವು ಅವನನ್ನು 'ಎಡಚ' ಎನ್ನುತ್ತಿದ್ದೆವು. ಹೋದ ವರ್ಷ ಅವನ ತಂಡ ಅವನನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಇಬ್ಬರನ್ನು ತಂದಿತು. ಆ ಹುಡುಗ ಊಟಕ್ಕೆ ಕೂತಿದ್ದಾಗ ಫೋನಿನಲ್ಲಿ ಬಂದ ಸುದ್ದಿ ಓದಿ ತನ್ನ ಊರು ಬದಲಾದದ್ದನ್ನು ತಿಳಿದುಕೊಂಡನಂತೆ. ನನಗೆ ಆದ ಸಿಟ್ಟು ಅಷ್ಟಿಷ್ಟಲ್ಲ. ಕೊಡುವುದು, ತರುವುದು ಆಟದ ರೀತಿ, ಅದನ್ನು ಒಪ್ಪೋಣ. ಆದರೆ ಅಷ್ಟು ವರ್ಷ ದುಡಿದವನನ್ನು ಎದುರಿಗೆ ಕೂರಿಸಿಕೊಂಡು ಒಂದು ಮಾತು ಹೇಳಲು ಇವರಿಗೇನು ಧಾಡಿ? ಇದನ್ನು ಇಂಗ್ಲಿಷಿನಲ್ಲಿ ಬರೆದು ಆ ಸುದ್ದಿಯ ಕೆಳಗೂ ಹಾಕಿದೆ. ಇಬ್ಬರು ಮೆಚ್ಚಿದರು. ಒಬ್ಬ ತಿಪ್ಪೇಸ್ವಾಮಿ, ಇನ್ನೊಬ್ಬ ನಾನು.

"ಹೇಳಾಕೆ ಹೋದ್ರೆ ಮಕ ನೋಡ್ಬೇಕಾಗ್ತೈತೆ ಸಾರ್, ಅದುಕ್ಕೆ ಹೇಳಲ್ಲ" ಅಂದ ಅವನು. "ನಮ್ಮಪ್ಪ ಕುರಿ ಕೊಡೋವಾಗ್ಲೂ ಹಂಗೇ, ಅದರ ಮಕ ನೋಡ್ತಿರ್ಲಿಲ್ಲ. ಬೇಲಿ ಕಡೆ ತಿರುಗಿ ಬೀಡಿ ಹಚ್ತಿದ್ದ."

ಅಂಥ ಹೇಡಿಗಳಿಗೆ ತಂಡ ನಡೆಸುವ ಯೋಗ್ಯತೆಯೇ ಇಲ್ಲ ಎಂದು ನಾನು ತೀರ್ಪು ಕೊಟ್ಟೆ.

ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಗಣಿತ ಮೇಷ್ಟ್ರು ಸರ್ಕಾರಿ ಕೆಲಸ ಸಿಕ್ಕಿ ಹೊರಟುಹೋದರು. ಹತ್ತನೇ ತರಗತಿಗೆ ಗಣಿತ ಹೇಳುವವರಿಲ್ಲ. ಕಾರ್ಯದರ್ಶಿಗಳು ನನ್ನನ್ನು ಕರೆದು, "ಧರ್ಮಪುರದಾಗೆ ಇಬ್ಬರು ಗಣಿತದೋರು ಅವ್ರೆ. ಒಬ್ರನ್ನ ಈ ಕಡೆ ಎಳೀರಿ, ಹೆಡ್‌ಮಾಸ್ಟರ್ ಹತ್ರ ನೀವೇ ಮಾತಾಡ್ರಿ" ಎಂದರು. ಓದುಗರೇ, ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ನಾಚಿಕೆ. ಇಪ್ಪತ್ತೈದು ವರ್ಷ ಬೇರೆಯವರು ಮಾಡುವ ಅದಲುಬದಲನ್ನು ದೂರದಿಂದ ಟೀಕಿಸುತ್ತ ಕೂತಿದ್ದವನಿಗೆ ಕೊನೆಗೂ ಒಂದು ಅದಲುಬದಲು ಕೈಗೆ ಬಂದಿತ್ತು. ಬಾಗಿಲು ಮುಂದೆ ಮಾಡಿಕೊಂಡು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಧರ್ಮಪುರಕ್ಕೆ ಫೋನು ಹಚ್ಚಿದೆ.

ಆ ಹೆಡ್‌ಮಾಸ್ಟರೂ ಕಡಿಮೆಯವರಲ್ಲ. "ಗಣಿತದೋರನ್ನ ಸುಮ್ಮನೆ ಹೆಂಗೆ ಬಿಡ್ಲಿ ಸಾರ್? ನಮಗೆ ಡ್ರಿಲ್ ಮೇಷ್ಟ್ರೇ ಇಲ್ಲ. ನಿಮ್ಮೋರನ್ನ ಕೊಡ್ರಿ" ಎಂದರು. ನಾನು ತಕ್ಷಣ ಒಪ್ಪಲಿಲ್ಲ. ನಮ್ಮವರು ಅಂಥಿಂಥವರಲ್ಲ, ಪೈಪು ನೆಟ್ಟು ತಂಡ ಕಟ್ಟಿದವರು ಎಂದು ಬೆಲೆ ಏರಿಸಿದೆ. ಗಣಿತದವರೊಬ್ಬರೇ ಸಾಲದು, ನಿಮ್ಮ ಚಿತ್ರಕಲೆಯ ಮೇಷ್ಟ್ರನ್ನೂ ವಾರಕ್ಕೆ ಮೂರು ದಿನ ಕಳಿಸಬೇಕು ಎಂದೆ. ಅವರು ಅಲ್ಲೇ ಯಾರನ್ನೋ ಕರೆದು ವೇಳಾಪಟ್ಟಿ ತರಿಸಿ ನೋಡಿದರು. ಆಮೇಲೆ "ಸರೇ, ಆಗ್ಲಿ" ಎಂದು ಉತ್ತರ ಬಂತು. ಒಬ್ಬನನ್ನು ಕೊಟ್ಟು ಒಂದೂವರೆ ಜನವನ್ನು ತಂದಿದ್ದೆ. ಕಾರ್ಯದರ್ಶಿಗಳು ನನ್ನ ಬೆನ್ನು ತಟ್ಟಿದರು. ಅವರು ತರಿಸಿದ ಕಾಫಿಯನ್ನು ಅರ್ಧ ಕುಡಿದ ಮೇಲೆ, ನಾನು ಕೊಟ್ಟದ್ದು ತಿಪ್ಪೇಸ್ವಾಮಿಯನ್ನು ಎನ್ನುವುದು ನನ್ನ ತಲೆಗೆ ಹೋಯಿತು.

ಆಗಲೂ ಕೆಟ್ಟಿರಲಿಲ್ಲ. ಕಿಟಕಿಯಾಚೆ ಐವತ್ತು ಹೆಜ್ಜೆ ದೂರದಲ್ಲಿ ಅವನು ಹುಡುಗಿಯರಿಗೆ ಪಾಸು ಕೊಡುವುದನ್ನು ಹೇಳಿಕೊಡುತ್ತಿದ್ದ. ಹೋಗಿ ಹೇಳಬಹುದಿತ್ತು. ಇಂದು ಬೇಡ, ನಾಳೆ ತಿಂಡಿಯ ಹೊತ್ತಿಗೆ ಎಂದುಕೊಂಡೆ. ನಾಳೆ ಬಂತು, ಪಂದ್ಯ ರೋಚಕವಾಗಿತ್ತು. ಮಾರನೆಯ ದಿನ ಅವನು ನನ್ನ ತಟ್ಟೆಗೆ ಒಂದು ವಡೆ ಹಾಕಿಸಿದ, ವಡೆ ಹಾಕಿಸಿದವನಿಗೆ ಹೇಗೆ ಹೇಳುವುದು? ಶನಿವಾರ ಮಧ್ಯಾಹ್ನ ಆದೇಶ ಸಹಿಯಾಗಿ ಬಂತು. ಅದರ ಫೋಟೋ ತೆಗೆದು, ಸಂಸ್ಥೆಯ ವಾಟ್ಸಪ್ ಗ್ರೂಪಿಗೆ ಹಾಕಿ, ಕೆಳಗೆ ಎರಡು ಕೈ ಮುಗಿದ ಚಿತ್ರವನ್ನೂ ಅಂಟಿಸಿ, ಫೋನನ್ನು ಬೀರುವಿನಲ್ಲಿಟ್ಟು ಮನೆಗೆ ಹೋದೆ. ಗಿರಿಜಾ ಫೋನೆಲ್ಲಿ ಎಂದು ಕೇಳಿದಳು. ಮರೆತು ಬಂದೆ ಎಂದೆ.

ಸೋಮವಾರ ಅವನು ಬಂದು ಬಿಡುಗಡೆ ಪತ್ರಕ್ಕೆ ಸಹಿ ಮಾಡಿ, ಆಟದ ಸಾಮಾನಿನ ಕೋಣೆಯ ಬೀಗದಕೈ ಮೇಜಿನ ಮೇಲಿಟ್ಟ. "ಬರ್ತೀನಿ ಸಾರ್" ಅಂದ. ನಾನು ಕಂಪ್ಯೂಟರಿನಲ್ಲಿ ಬಹಳ ಮುಖ್ಯವಾದದ್ದನ್ನು ಹುಡುಕುತ್ತಿದ್ದೆ.

ಆಮೇಲೆ ಹೋಟೆಲಿಗೆ ಹೋಗುವುದನ್ನು ಬಿಟ್ಟೆ. ಹೊಸ ಗಣಿತ ಮೇಷ್ಟ್ರಿಗೆ ಒಂದೆರಡು ಸಲ ಲೀಗಿನ ಸುದ್ದಿ ಹೇಳಿ ನೋಡಿದೆ. ಅವರು ಶ್ರದ್ಧೆಯಿಂದ ಕೇಳಿ, ಒಂದು ಪಂದ್ಯದಲ್ಲಿ ಸರಾಸರಿ ಎಷ್ಟು ಅಂಕ ಬರುತ್ತದೆ ಎಂದು ಲೆಕ್ಕ ಹಾಕಿಕೊಟ್ಟರು. ನನಗೆ ಅಳು ಬರುವುದೊಂದು ಬಾಕಿ. ನಾಲ್ಕು ತಿಂಗಳು ಹೀಗೇ ಕಳೆದು, ಕೊನೆಗೆ ತಿಪ್ಪೇಸ್ವಾಮಿಯ ಸೇವಾ ಪುಸ್ತಕಕ್ಕೆ ಒಂದು ಸಹಿ ಬೇಕೆಂಬ ನೆಪ ಮಾಡಿಕೊಂಡು, ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಧರ್ಮಪುರಕ್ಕೆ ಹೋದೆ. ಸಹಿಯನ್ನು ಅಂಚೆಯಲ್ಲಿ ತರಿಸಬಹುದೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವನು ಗೇಟಿನ ತನಕ ಬಂದು ಕರೆದುಕೊಂಡು ಹೋದ. ಶೇಂಗಾ ತರಿಸಿದ, ಟೀ ತರಿಸಿದ. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರದೆ, "ತಪ್ಪಾಯ್ತಪ್ಪ ತಿಪ್ಪೇಶಿ, ನಿನ್ನನ್ನ ಇಷ್ಟು ದೂರ ಹಾಕಿಬಿಟ್ಟೆ" ಎಂದುಬಿಟ್ಟೆ.

"ದೂರ ಏನಿಲ್ಲ ಸಾರ್. ನಮ್ಮನೆಯೋಳ ತವರು ಇಲ್ಲೇ ಮೂರು ಮೈಲಿ. ಮದುವೆ ಆದಾಗಿಂದ ಈ ಕಡೆ ಹಾಕಿಸ್ಕಳ್ರಿ ಅಂತ ಗಂಟು ಬಿದ್ದಿದ್ಲು. ಎಲ್ಡು ಸಲ ಅರ್ಜೀನೂ ಬರ್ದಿದ್ದೆ." ಅವನು ಶೇಂಗಾದ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದ. "ಕೊಡಾಕೆ ಮನಸ್ಸು ಬರ್ಲಿಲ್ಲ. ಬೆಳಿಗ್ಗೆ ಎದ್ರೆ ನೀವು ಒಬ್ರೇ ಆಗ್ತೀರಲ್ಲ ಅಂತ."

ನಾನು ಆ ಗುಡ್ಡೆಗೆ ನನ್ನ ಸಿಪ್ಪೆಯನ್ನೂ ಸೇರಿಸಿದೆ.

"ನೀವು ಒಂದ್ ಮಾತು ಹೋಗಪ್ಪ ಅಂದಿದ್ರೆ, ಕುಣ್ಕಂಡು ಬರ್ತಿದ್ದೆ ಸಾರ್" ಅಂದ.

ಇದಕ್ಕೆ ನನ್ನ ಹತ್ತಿರ ಯಾವ ಅಭಿಪ್ರಾಯವೂ ಇರಲಿಲ್ಲ. ಸಿಟ್ಟು ಮಾಡಿದ್ದರೆ ಸಮಾಧಾನ ಮಾಡುತ್ತಿದ್ದೆ, ಜಗಳಕ್ಕೆ ಬಂದಿದ್ದರೆ ಕಾರ್ಯದರ್ಶಿಗಳ ಮೇಲೆ ಹಾಕುತ್ತಿದ್ದೆ. ಅವನು ಎರಡನ್ನೂ ಮಾಡದೆ ನನ್ನನ್ನು ಅಂಗಳಕ್ಕೆ ಕರೆದೊಯ್ದು, ಹೊಸದಾಗಿ ನೆಟ್ಟ ಪೈಪನ್ನೂ ಅದರ ಸುತ್ತ ಓಡುತ್ತಿದ್ದ ಹುಡುಗಿಯರನ್ನೂ ತೋರಿಸಿದ. ನಾನು ಎಲ್ಲವೂ ಬಹಳ ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿತ್ತು, ಅದೇ ನನಗೆ ಕಷ್ಟವಾಯಿತು.

ಬಸ್ಸು ಹತ್ತಿಸಲು ಅವನೂ ಬಂದ. ನಾನು ಒಳಗೆ ಕೂತ ಮೇಲೆ ಕಿಟಕಿಯ ಸರಳು ಹಿಡಿದು ನಿಂತು, "ಬರೋ ಶನಿವಾರ ಹಿರಿಯೂರಿನಾಗೆ ಈ ಹುಡುಗೀರ ಮ್ಯಾಚ್ ಐತೆ ಸಾರ್. ನೀವು ಬಂದು ಕುಂತ್ರೆ ಚೆಂದ. ಬರ್ತೀರಾ?" ಎಂದು ಕೇಳಿದ. ನಾಲ್ಕು ತಿಂಗಳಲ್ಲಿ ನನಗೆ ಬಂದ ಒಳ್ಳೆಯ ಮಾತು ಅದೊಂದೇ. ಅವನ ಮುಖ ನೋಡಿ ಬರುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಬಸ್ಸು ಹೊರಡುವ ಗಡಿಬಿಡಿ.

"ನೋಡ್ತೀನಪ್ಪ, ಮೆಸೇಜ್ ಹಾಕ್ತೀನಿ" ಎಂದೆ.

"ಹಾಕ್ರಿ ಸಾರ್" ಅಂದ ತಿಪ್ಪೇಸ್ವಾಮಿ, ಸರಳಿನ ಮೇಲಿದ್ದ ಕೈ ತೆಗೆದು.